ಹತ್ತು ಎಣಿಸಿ, ಆಮೇಲೆ ಬಾಯಿ ತೆರೆಯಿರಿ

ಕೇಳುಗರಿಗೆ ನಮಸ್ಕಾರ.

"ಎರಡು ವರ್ಷ ತುಂಬಿತು, ಇನ್ನೂ ಮಾತಿಲ್ಲ. ಅವರಪ್ಪನೂ ತಡವಾಗಿಯೇ ಮಾತಾಡಿದ್ದಂತೆ, ಬರುತ್ತೆ ಬಿಡಿ." ವಾಕ್ ಚಿಕಿತ್ಸಕಿಯಾಗಿ ನಾನು ಕೇಳಿ ಕೇಳಿ ಸಾಕಾದ ಮಾತಿದು. ವರ್ಷದ ಆಸುಪಾಸಿಗೆ ಮೊದಲ ಪದ ಬರಬೇಕು. ಎರಡು ತುಂಬುವಾಗ ಸುಮಾರು 50 ಪದ, ಜೊತೆಗೆ 'ಅಮ್ಮ ಬಾ' ಅಂತ ಎರಡು ಪದ ಸೇರಿಸುವುದು. ಇದು ಕಾಣದಿದ್ದರೆ ಕರೆದುಕೊಂಡು ಬನ್ನಿ. ಮೊದಲು ಕಿವಿ ಪರೀಕ್ಷೆ ಆಗಲಿ. ಕಿವಿಗೆ ಬೀಳದ ಮಾತು ನಾಲಿಗೆಗೆ ಎಲ್ಲಿಂದ ಬರಬೇಕು?

ಸ್ಪೀಚ್ ಥೆರಪಿ ಅಂದರೆ ನಾಲಿಗೆಯ ಕಸರತ್ತು ಅಂದುಕೊಂಡು ಬರುತ್ತಾರೆ. ಬಂದು ನೋಡಿದರೆ ನಾನು ನೆಲದ ಮೇಲೆ ಕೂತು ಸೋಪಿನ ಗುಳ್ಳೆ ಊದುತ್ತಿರುತ್ತೇನೆ!

ಒಬ್ಬ ಪುಟ್ಟಣ್ಣ ಬಂದಿದ್ದ, ಎರಡೂವರೆ ವರ್ಷ. ಕಿವಿ ಚೆನ್ನಾಗಿತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಮಾತು ಮಾತ್ರ ಇಲ್ಲ. ಒಮ್ಮೆ ಗುಳ್ಳೆ ಊದಿದೆ. ಕುಣಿದಾಡಿದ. ಆಮೇಲೆ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಅವನ ಕೈಗೇ ಕೊಟ್ಟೆ. ತಿರುವಿದ, ಕುಟ್ಟಿದ, ಬರಲಿಲ್ಲ. ಅಷ್ಟರಲ್ಲಿ ಅವರಮ್ಮ ಕೈ ಚಾಚಿ ತೆಗೆದೇಬಿಟ್ಟರು! ಮತ್ತೆ ಮುಚ್ಚಿ ಕೊಟ್ಟೆ. "ಊದು ಅನ್ನು, ಊದು ಅನ್ನು ಪುಟ್ಟಾ" ಅಂತ ಶುರು ಮಾಡಿದರು. ಮೂರನೇ ಸಲ ನಾನೇ ಅವರ ಕೈ ಹಿಡಿದು, "ಅಮ್ಮಾ, ಮನಸ್ಸಿನಲ್ಲೇ ಹತ್ತು ಎಣಿಸಿ" ಅಂದೆ. ಎಂಟೋ ಒಂಬತ್ತೋ ಆಗಿರಬೇಕು, ಹುಡುಗ ಬಾಟಲಿಯನ್ನು ನನ್ನ ಅಂಗೈಯಲ್ಲಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅದೂ ಮಾತೇ. "ಊದು!" ಅಂತ ನಾನು ಹೇಳಿ ಊದಿದೆ. ಕೆಲವು ವಾರ ಇದೇ ಆಟ, ಮನೆಯಲ್ಲೂ. ಒಂದು ದಿನ ತುಟಿ ಮುಂದೆ ಚಾಚಿ "ಊ" ಅಂದ. ಅವರಮ್ಮ ಎಣಿಸುತ್ತಿದ್ದವರು ಎಣಿಕೆಯೇ ಮರೆತರು.

ವರ್ಷಗಟ್ಟಲೆ ಕಾಯಲು ತಯಾರಿರುವ ನಮಗೆ ಹತ್ತು ಎಣಿಸುವಷ್ಟು ತಾಳ್ಮೆ ಇಲ್ಲ, ನೋಡಿ. ಮಗು ಬಾಯಿ ತೆರೆಯುವ ಮೊದಲೇ ನಾವು ಉತ್ತರವನ್ನೂ ಹೇಳಿ ಮುಗಿಸಿರುತ್ತೇವೆ. ಹತ್ತು ಎಣಿಸಿ. ಮಗು "ಊ" ಅಂದರೆ "ಊದು" ಅನ್ನಿ, "ಊದು" ಅಂದರೆ "ಗುಳ್ಳೆ ಊದು" ಅನ್ನಿ. ಮಗುವಿಗಿಂತ ಒಂದು ಪದ ಮುಂದಿದ್ದರೆ ಸಾಕು.

ಗುಳ್ಳೆಯ ಕಥೆಯೇ ಹೊತ್ತೆಲ್ಲ ನುಂಗಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಾತು ಹಿಂದೆ ಬೀಳುವುದಿಲ್ಲ, ಯಾವುದನ್ನೂ ನಿಲ್ಲಿಸಬೇಡಿ. ಬೇಕಾದ್ದನ್ನು ಚಿತ್ರ ತೋರಿಸಿ ಕೇಳಲು ಮಗುವಿಗೆ ಕಲಿಸಿದರೆ ಅದು ಮಾತಿಗೆ ಸೋಮಾರಿಯಾಗುವುದೂ ಇಲ್ಲ. ಉಗ್ಗುವ ಮಗುವಿಗೆ "ನಿಧಾನವಾಗಿ ಹೇಳು" ಅನ್ನಬೇಡಿ, ಅದರ ವಾಕ್ಯ ನೀವು ಮುಗಿಸಬೇಡಿ. ಅಲ್ಲಿಯೂ ಅದೇ ಹತ್ತು.

ಕಿವಿ ಪರೀಕ್ಷೆಗೆ ಮಾತ್ರ ಎಣಿಸುತ್ತಾ ಕೂರಬೇಡಿ, ಈ ವಾರವೇ ಹೋಗಿ. ನಮಸ್ಕಾರ.