ಬೇಸಿಗೆಯಲ್ಲಿ ಬಡವಾಗುವ ನದಿ, ಹೊಟ್ಟೆ ತುಂಬುವ ಹಕ್ಕಿ

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಅಘನಾಶಿನಿ ಅಳಿವೆ. ಕುಮಟಾ ತಾಲೂಕು. ಆ ದಡದಲ್ಲಿ ತದಡಿ ಬಂದರು, ಈ ದಡದಲ್ಲಿ ಅಘನಾಶಿನಿ ಊರು. ನಡುವೆ ನದಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತು, ಕೆಸರು ಬಯಲಾಗಿದೆ. ಮೊದಲ ನೋಟಕ್ಕೆ ಇಲ್ಲೇನೂ ಇಲ್ಲ ಅನ್ನಿಸುತ್ತದೆ. ಸ್ವಲ್ಪ ಜೂಮ್ ಮಾಡುತ್ತೇನೆ, ನೋಡಿ. ಆ ಬೂದು ಚುಕ್ಕೆಗಳೆಲ್ಲ ಹಕ್ಕಿಗಳು.

ಇದು ಸ್ಯಾಂಡ್ ಪ್ಲೋವರ್. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೊಟ್ಟೆ ಇಟ್ಟು ಮರಿ ಮಾಡುವುದು ಹಿಮಾಲಯ, ಟಿಬೆಟ್ ಕಡೆಯ ಎತ್ತರದ ಬಯಲುಗಳಲ್ಲಿ. ಚಳಿಗಾಲಕ್ಕೆ ನಮ್ಮ ಕರಾವಳಿ. ಇದರ ಊಟದ ಕ್ರಮ ಗಮನಿಸಿ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಗ್ಗಿ ಕುಕ್ಕುತ್ತದೆ. ಹಾಂ, ಈಗ ಹುಳ ಸಿಕ್ಕಿತು. ಆದರೆ ಹುಳ ಬಿಲದೊಳಗೇ ಪಟ್ಟು ಹಿಡಿದಿದೆ. ಹಕ್ಕಿ ಒಂದೇ ಸಲಕ್ಕೆ ಜಗ್ಗುವುದಿಲ್ಲ. ಜಗ್ಗಿದರೆ ಅರ್ಧ ಹುಳ ಒಳಗೇ ಉಳಿಯುತ್ತದೆ. ಸ್ವಲ್ಪ ಎಳೆದು, ಕಾದು, ಮತ್ತೆ ಎಳೆಯುತ್ತದೆ. ಬಂತು ನೋಡಿ, ನೂಲಿನ ಹಾಗೆ ಉದ್ದಕ್ಕೆ.

ಅದರ ಹಿಂದೆ ಉದ್ದ ಕೊಕ್ಕು ಬಾಗಿಸಿಕೊಂಡು ನಿಂತಿರುವುದು ಕರ್ಲ್ಯೂ. ಅದಕ್ಕೆ ಮೇಲಿನ ಹುಳ ಬೇಕಿಲ್ಲ. ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸಿ ಏಡಿ ಹಿಡಿಯುತ್ತದೆ. ಒಂದೇ ಕೆಸರು, ಆದರೆ ಚಿಕ್ಕ ಕೊಕ್ಕಿನವಕ್ಕೆ ಮೇಲಿನ ಪದರ, ಉದ್ದ ಕೊಕ್ಕಿನವಕ್ಕೆ ಆಳದ್ದು. ಅದಕ್ಕೇ ಇಷ್ಟು ಜಾತಿಯ ಹಕ್ಕಿಗಳು ಜಗಳವಿಲ್ಲದೆ ಒಟ್ಟಿಗೆ ಮೇಯುತ್ತವೆ. ಸರಿ, ಪೂರ್ತಿ ಜಗಳವಿಲ್ಲ ಅಂತ ಹೇಳಲಾರೆ. ಆಗಾಗ ಅಟ್ಟಾಡಿಸುತ್ತವೆ.

ಈ ಊಟವನ್ನು ಬಡಿಸುವವರು ಯಾರು? ಸಮುದ್ರ ಅಂತ ಹೇಳಬೇಕು ಅನ್ನಿಸುತ್ತದೆ ಅಲ್ವಾ? ಸಮುದ್ರದ್ದೂ ಪಾಲಿದೆ. ಆದರೆ ಈ ಅಡುಗೆಯ ಸಾಮಾನು ಬರುವುದು ಘಟ್ಟದ ಮೇಲಿಂದ.

ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಪೇಟೆಯಲ್ಲೇ ಶಂಕರಹೊಂಡ ಇದೆ, ಅಲ್ಲಿಂದ. ಸಿದ್ದಾಪುರದ ಕಾಡು ದಾಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ಬಯಲಿಗೆ ಇಳಿಯುತ್ತದೆ. ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆ ಎಷ್ಟು ಜೋರು ಅಂತ ನಮಗೆಲ್ಲ ಗೊತ್ತು. ಆ ಮಳೆ ಕಾಡಿನ ತರಗೆಲೆ, ಮಣ್ಣು, ಬಂಡೆ ಸವೆದು ಕರಗಿದ ಸಿಲಿಕಾ ಎಲ್ಲವನ್ನೂ ತೊಳೆದು ಕೆಳಗೆ ತರುತ್ತದೆ.

ಸಿಲಿಕಾ ಯಾಕೆ ಮುಖ್ಯ ಅಂದರೆ, ಡಯಾಟಮ್ ಅನ್ನುವ ಪಾಚಿ ಇದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದರ ಮೈಗೆ ಗಾಜಿನಂಥ ಕವಚ. ಆ ಕವಚ ಕಟ್ಟಿಕೊಳ್ಳಲು ಸಿಲಿಕಾ ಬೇಕೇ ಬೇಕು. ಇಳಿತದಲ್ಲಿ ಕೆಸರಿನ ಮೇಲೆ ಕಂದು ಬಣ್ಣದ ಪೊರೆ ಮಿರುಗುತ್ತದಲ್ಲ, ಅಲ್ಲಿ ಇವೇ ಜಾಸ್ತಿ. ಹುಳ, ಬಸವನಹುಳು, ಮರಿ ಚಿಪ್ಪಿ, ಸಿಗಡಿ ಮರಿ ಇದನ್ನು ತಿಂದು ಬೆಳೆಯುತ್ತವೆ.

ಈ ಪೊರೆಯನ್ನು ಹಕ್ಕಿಗಳೇ ನೇರವಾಗಿ ನೆಕ್ಕುವುದೂ ಉಂಟು. ಕೆನಡಾದ ಫ್ರೇಸರ್ ನದಿಯ ಅಳಿವೆಯಲ್ಲಿ ವೆಸ್ಟರ್ನ್ ಸ್ಯಾಂಡ್‌ಪೈಪರ್ ಎಂಬ ಪುಟ್ಟ ಹಕ್ಕಿ ಹೀಗೆ ಮಾಡುತ್ತದೆ. ನಾಲಿಗೆಯ ಮೇಲೆ ಬಿರುಸಾದ ಕೂದಲುಗಳಿವೆ, ಪೊರೆಯನ್ನು ಒರೆಸಿ ತೆಗೆಯಲು. 2008ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಅದರ ಆಹಾರದ ಅರ್ಧದಷ್ಟು ಈ ಪೊರೆಯೇ. ಅಲ್ಲಿ ವಸಂತದಲ್ಲಿ ಹಿಮ ಕರಗಿದ ನೀರು ನದಿ ತುಂಬ ಬರುತ್ತದೆ, ನಮ್ಮಲ್ಲಿ ಮುಂಗಾರು. ನದಿ ಒಂದು ಹೊತ್ತಲ್ಲಿ ಉಕ್ಕಬೇಕು, ಒಂದು ಹೊತ್ತಲ್ಲಿ ತಗ್ಗಬೇಕು ಅನ್ನುವುದು ಎರಡೂ ಕಡೆ ಒಂದೇ.

ನನಗೆ ಇವತ್ತು ಹೇಳಬೇಕಿರುವುದು ಈ ತಗ್ಗುವುದರ ಬಗ್ಗೆಯೇ.

ಮಳೆಗಾಲದಲ್ಲಿ ಅಳಿವೆ ಹೆಚ್ಚುಕಡಿಮೆ ಸಿಹಿನೀರು. ಮಳೆ ನಿಂತ ಮೇಲೆ ನದಿ ಸಣ್ಣಗಾಗುತ್ತದೆ, ಭರತದ ಜೊತೆ ಉಪ್ಪು ನೀರು ಮೇಲಕ್ಕೆ ಏರಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಉಪ್ಪಿನಪಟ್ಟಣದ ತನಕ ಅದರ ಪ್ರಭಾವ ತಿಳಿಯುತ್ತದೆ. ಆಗಲೇ ಮರಿ ಬಳಚು ಕೆಸರಿನಲ್ಲಿ ನೆಲೆಯೂರಿ ದಪ್ಪಗಾಗುವುದು. ಬಳಚು ಅಂದರೆ ಚಿಪ್ಪಿಕಲ್ಲು. ಇದರಲ್ಲೂ ಜಾತಿಗಳಿವೆ. ಕೆಲವಕ್ಕೆ ಅಳಿವೆ ಬಾಯಿಯ ಗಟ್ಟಿ ಉಪ್ಪೇ ಬೇಕು, ಕೆಲವು ಮೇಲಿನ ಸಪ್ಪೆ ನೀರಿನಲ್ಲಿ ಹಾಯಾಗಿರುತ್ತವೆ. ಹಕ್ಕಿಗಳು ಬರುವುದೂ ಮಳೆ ಮುಗಿಯುವ ಹೊತ್ತಿಗೇ. ಮಾರ್ಚ್, ಏಪ್ರಿಲ್‌ನಲ್ಲಿ ಮೈ ತುಂಬ ಕೊಬ್ಬು ಕಟ್ಟಿಕೊಂಡು ಉತ್ತರಕ್ಕೆ ಹೊರಡುತ್ತವೆ. ಹಾರುವ ದಾರಿಗೆ ಆ ಕೊಬ್ಬೇ ಇಂಧನ.

ಈಗ ದಕ್ಷಿಣಕ್ಕೆ, ಪಕ್ಕದ ಹೊನ್ನಾವರಕ್ಕೆ ಬನ್ನಿ. ಶರಾವತಿ ಅಳಿವೆ. ಮೇಲೆ ಲಿಂಗನಮಕ್ಕಿ, 1964ರ ಅಣೆಕಟ್ಟು. ಅದರ ಕೆಳಗೆ ಗೇರುಸೊಪ್ಪೆ. ಅಣೆಕಟ್ಟು ಕಟ್ಟಿದರೆ ಕೆಳಗೆ ನೀರಿಲ್ಲದೆ ಒಣಗುತ್ತದೆ ಅಂತ ತಾನೇ ನಾವು ಯೋಚಿಸುವುದು? ಇಲ್ಲಿ ಉಲ್ಟಾ. ಕರೆಂಟು ವರ್ಷವಿಡೀ ಬೇಕು, ಹಾಗಾಗಿ ಟರ್ಬೈನ್ ತಿರುಗಿಸಿದ ನೀರು ಬೇಸಿಗೆಯಲ್ಲೂ ಬರುತ್ತಲೇ ಇರುತ್ತದೆ. ಅಳಿವೆಗೆ ಉಪ್ಪು ಏರಲು ಬಿಡುವೇ ಇಲ್ಲ. ಬೆಂಗಳೂರಿನ ಐಐಎಸ್‌ಸಿಯವರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿದಾಗ, ತಿನ್ನುವ ಚಿಪ್ಪಿಕಲ್ಲು ಅಘನಾಶಿನಿಯಲ್ಲಿ ಸಮೃದ್ಧ, ಶರಾವತಿಯಲ್ಲಿ ತೀರಾ ಕಡಿಮೆ. ಕಾರಣ ಇದೇ, ಉಪ್ಪು ಸಾಲದು. ಬೇಸಿಗೆಯಲ್ಲಿ ತುಂಬಿ ಹರಿಯುವ ನದಿ ನೋಡಿ ನಾವು ಖುಷಿಪಡುತ್ತೇವೆ. ಬಳಚಿಗೆ ಅದು ಆಗಿಬರುವುದಿಲ್ಲ.

ಬಳಚು ಹಕ್ಕಿಯದ್ದು ಮಾತ್ರ ಅಲ್ಲ. ಈ ದೃಶ್ಯದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತಿರುವ ಅಕ್ಕಂದಿರು ಕಾಲಿನಿಂದಲೇ ಕೆಸರು ತಡಕುತ್ತಿದ್ದಾರೆ. ಪಾದಕ್ಕೆ ಗಟ್ಟಿಯಾಗಿ ಸಿಕ್ಕಿತೋ, ಮುಳುಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಇಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ತೆಗೆಯುತ್ತಾರೆ ಅಂತ ಅದೇ ಐಐಎಸ್‌ಸಿ ತಂಡದ ಅಂದಾಜಿತ್ತು. ಹಕ್ಕಿಗೆ ಬೇಕಾದದ್ದು ಚಿಕ್ಕದು, ಮನುಷ್ಯರಿಗೆ ದೊಡ್ಡದು. ಎರಡಕ್ಕೂ ಮೇವು ಒಂದೇ ಕೆಸರಿನದು. ಗಜನಿ, ಅಂದರೆ ಅಳಿವೆಯಂಚಿನ ಉಪ್ಪು ನೀರು ನುಗ್ಗುವ ಗದ್ದೆ. ಅಲ್ಲಿ ಬೆಳೆಯುವ, ಉಪ್ಪು ತಡೆಯುವ ಕಗ್ಗ ಭತ್ತವೂ ಇದೇ ಲೆಕ್ಕದ ಮೇಲೆ ನಿಂತಿದೆ. ಮಳೆಗಾಲದಲ್ಲಿ ಸಿಹಿನೀರಿದ್ದಾಗ ಭತ್ತ, ಆಮೇಲೆ ಉಪ್ಪು ನೀರು ಬಿಟ್ಟುಕೊಂಡು ಸಿಗಡಿ, ಮೀನು. ಕಗ್ಗದ ಬಗ್ಗೆ ಬೇರೆಯೇ ವಿಡಿಯೋ ಮಾಡಬೇಕು, ಇಲ್ಲಿ ಮುಗಿಯುವ ಮಾತಲ್ಲ.

ಅಘನಾಶಿನಿಯ ನೀರನ್ನು ಪೂರ್ವಕ್ಕೆ, ಬಯಲುಸೀಮೆಯ ವೇದಾವತಿ ನದಿ ಕಡೆಗೆ ತಿರುಗಿಸುವ ಪ್ರಸ್ತಾಪ ಇದೆ. ಬಯಲುಸೀಮೆಯಲ್ಲಿ ಕುಡಿಯುವ ನೀರಿನ ಕಷ್ಟ ಸುಳ್ಳಲ್ಲ, ಅದನ್ನು ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಈ ಚರ್ಚೆಯಲ್ಲಿ ಪದೇ ಪದೇ ಬರುವ ಒಂದು ಮಾತಿದೆ, ‘ಇಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತಿದೆ’ ಅಂತ. ಅದನ್ನು ನಾನು ಒಪ್ಪುವುದಿಲ್ಲ. ಮಳೆಗಾಲದ ನೀರನ್ನು ಮೇಲೆಯೇ ತಡೆದರೆ ಮಣ್ಣು, ಸಿಲಿಕಾ ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಬೇಡದ ನೀರು ಬಿಟ್ಟರೆ ಏನಾಗುತ್ತದೆ ಅಂತ ಶರಾವತಿಯಲ್ಲಿ ನೋಡಿದ್ದೇವೆ. ಯೋಜನೆಯ ಲೆಕ್ಕದಲ್ಲಿ ಎಷ್ಟು ಟಿಎಂಸಿ ಅಂತ ಬರೆಯುವವರು, ಯಾವ ತಿಂಗಳಿನ ನೀರು ಅಂತಲೂ ಬರೆಯಬೇಕು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆಯಲ್ಲೇ. ಖುಷಿಯ ವಿಷಯ. ಅದರ ವಿಸ್ತಾರ 4,801 ಹೆಕ್ಟೇರ್, ಅಂದರೆ ಅಳಿವೆಯ ಭಾಗ ಮಾತ್ರ. ಶಿರಸಿ, ಸಿದ್ದಾಪುರದ ಹಳ್ಳಗಳು ಆ ಗೆರೆಯ ಹೊರಗಿವೆ. ಅದಕ್ಕೇ ಮುಂದಿನ ವಿಡಿಯೋದಲ್ಲಿ ಕ್ಯಾಮೆರಾ ಹಿಡಿದು ಘಟ್ಟ ಹತ್ತುತ್ತಿದ್ದೇನೆ. ಆ ಕಡೆಯ ಹಳ್ಳ, ಜರಿಗಳು ಗೊತ್ತಿರುವವರು ಇದ್ದರೆ ದಾರಿ ಹೇಳಿ.