ತಾಡಪಾಲಿನ ಮೇಲೊಂದು ಹಿಮಾಲಯ

ಎಲ್ಲರಿಗೂ ನಮಸ್ಕಾರ. ಹೊಲದಲ್ಲಿ, ಅಡುಗೆಮನೇಲಿ, ಬಸ್ಸಲ್ಲಿ ಕೂತು ರೇಡಿಯೋ ಕೇಳ್ತಿರೋ ಚಿತ್ರದುರ್ಗ, ದಾವಣಗೆರೆ ಕಡೆಯ ಜನಕ್ಕೆ ಇವತ್ತು ನಾನು ಹೇಳೋದು ಒಂದೇ ಮಾತು. ಹಿಮಾಲಯ ನೆಲದೊಳಗಿಂದ ಉಬ್ಬಿ ಬಂದಿದ್ದಲ್ಲ, ಪಕ್ಕದಿಂದ ತಳ್ಳಿ ತಳ್ಳಿ ಪೇರಿಸಿದ್ದು.

ಪಾಠ ಮಾಡುವಾಗ ಇದನ್ನ ಎಷ್ಟು ಸಲ ಹೇಳಿದ್ರೂ ಹುಡುಗರು ಪರೀಕ್ಷೇಲಿ ಮತ್ತೆ ಉಬ್ಬಿತು ಅಂತಾನೇ ಬರೀತಿದ್ರು. ಒಂದ್ಸಲ ಜಗಳೂರು ರೋಡಲ್ಲಿ ಒಬ್ಬ ಅಜ್ಜ ಮೆಕ್ಕೆಜೋಳ ಒಣಗಿಸ್ತಿದ್ದ, ಅಲ್ಲೇ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದೆ. ಅಜ್ಜಾ, ನಿಮ್ಮ ಹಲಗೆ ಸ್ವಲ್ಪ ಕೊಡ್ತೀರಾ ಅಂದೆ. ಜೋಳ ಚೆಲ್ಲಬ್ಯಾಡ್ರಿ ಮೇಷ್ಟ್ರೇ ಅಂದು ಕೊಟ್ಟ. ಒಬ್ಬ ಹುಡುಗ ಹಲಗೆನ ಅಲುಗಾಡದಂಗೆ ಹಿಡ್ಕೊಂಡ, ಇನ್ನಿಬ್ಬರು ಜೋಳ ಹರಡಿದ್ದ ತಾಡಪಾಲನ್ನ ಹಲಗೆ ಅಡಿಯಿಂದ ನಿಧಾನಕ್ಕೆ ಆ ಕಡೆ ಎಳೆದ್ರು. ತಾಡಪಾಲು ಒಳಗೆ ಹೋಯ್ತು, ಕಾಳು ಹೋಗ್ಲಿಲ್ಲ, ಹಲಗೆ ಮುಂದೆ ಗುಡ್ಡೆ ಬಿತ್ತು. ಎಳೆದಷ್ಟೂ ಬುಡದಲ್ಲಿ ಹೊಸ ಕಾಳು ಸೇರ್ತು, ಹಳೇ ಕಾಳು ಮೇಲಕ್ಕೂ ಹಿಂದಕ್ಕೂ ಸರೀತು, ಗುಡ್ಡೆ ಎತ್ತರ ಆಯ್ತು, ಅಗಲಾನೂ ಆಯ್ತು, ಆದ್ರೆ ಇಳಿಜಾರು ಮಾತ್ರ ಅಷ್ಟೇ ಇತ್ತು. ಅಜ್ಜನೇ ಬಂದು ಮೇಲಿನ ಒಂದು ಬೊಗಸೆ ತೆಗೆದ, ಮತ್ತೆ ಎಳೆದ್ವಿ, ಗುಡ್ಡೆ ಮತ್ತೆ ಅದೇ ಇಳಿಜಾರಿಗೆ ಬಂತು. ನಡುವೆ ತಾಡಪಾಲು ಕಲ್ಲಿಗೆ ಸಿಕ್ಕಿಹಾಕ್ಕೊಂಡು ನಿಂತ್ಬಿಡ್ತು, ಹುಡುಗರು ಜಗ್ಗಿದ್ರು, ಇಡೀ ಗುಡ್ಡೆ ಜರ್ ಅಂತ ಅದುರಿತು.

ಅಷ್ಟೇ ನೋಡಿ ಹಿಮಾಲಯ. ಹಲಗೆ ಅಂದ್ರೆ ಟಿಬೆಟ್, ತಾಡಪಾಲು ಅಂದ್ರೆ ನಮ್ಮ ಭಾರತದ ನೆಲ. ಸುಮಾರು 5 ಕೋಟಿ ವರ್ಷದಿಂದ ಅದು ಟಿಬೆಟ್ ಅಡಿ ನುಗ್ತಾನೇ ಇದೆ, ಈಗಲೂ ಹಿಮಾಲಯದ ಕೆಳಗೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್, ಅಂದ್ರೆ ನಿಮ್ಮ ಹೆಬ್ಬೆಟ್ಟಿನ ಅಗಲ. ಆ ಕಾಳಿನಂಗೆ ಬಂಡೆ ಪದರಗಳು ಚಪ್ಪಡಿ ಚಪ್ಪಡಿಯಾಗಿ ಕಿತ್ತು ಒಂದರ ಮೇಲೊಂದು ಏರಿವೆ, ಒಳಗಿನದು ಹಳೇದು, ಬುಡದ ಶಿವಾಲಿಕ್ ಗುಡ್ಡ ಹೊಸದು. ಅಜ್ಜ ಬೊಗಸೇಲಿ ತೆಗೆದಂಗೆ ಮಳೆ, ಹಿಮ, ನದಿ ಮೇಲಿಂದ ಕೊರೀತಾನೇ ಇರ್ತವೆ, ಆ ಮಣ್ಣೇ ಗಂಗೆಯ ಬಯಲು. ತಾಡಪಾಲು ಜಗ್ಗಿದ್ದು 2015ರ ಏಪ್ರಿಲ್ 25ರಂದು ನೇಪಾಳದಲ್ಲಿ, 7.8 ತೀವ್ರತೆಯ ಭೂಕಂಪ, ಕಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲಕ್ಕೆ ಹೋಯ್ತು, ಸುಮಾರು 9 ಸಾವಿರ ಜನ ಹೋದ್ರು.

ದೇವರ ಮನೇಲಿ ಸಾಲಿಗ್ರಾಮ ಇದ್ರೆ ಇವತ್ತು ಕೈಗೆತ್ತಿ ನೋಡಿ. ಆ ಸುರುಳಿ, ಅದರ ಗೆರೆ ಗೆರೆ, ಅದು ಸಮುದ್ರದಲ್ಲಿದ್ದ ಪ್ರಾಣಿಯ ಚಿಪ್ಪಿನ ಅಚ್ಚು. ಸಿಗೋದು ನೇಪಾಳದ ಗಂಡಕಿ ನದೀಲಿ. ಎವರೆಸ್ಟ್ ತುದಿಯ ಕಲ್ಲೂ ಸಮುದ್ರದ ತಳದ ಸುಣ್ಣಕಲ್ಲೇ, ಇವತ್ತು 8,848 ಮೀಟರ್ ಮೇಲೆ ಕೂತಿದೆ. ಉಬ್ಬಿದ್ದಲ್ಲ ಕಣ್ರೀ, ಪೇರಿಸಿದ್ದು!

ಸಮಯ ಆಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ನಮ್ಮ ಐಮಂಗಲದ ಹತ್ತಿರ ಮರಡಿಹಳ್ಳೀಲಿ ನೀರಡಿ ತಣ್ಣಗಾದ ಲಾವಾ ದಿಂಬು ದಿಂಬಾಗಿ ನಿಂತಿದೆ, ಸುಮಾರು 250 ಕೋಟಿ ವರ್ಷ ಹಳೇದು. ಹೋಗಿ ನೋಡಿ, ಆದ್ರೆ ಸುತ್ತಿಗೆ ಮಾತ್ರ ಒಯ್ಯಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮಸ್ಕಾರ.