ಕಾಗದ ಯಾರ ಕೈಯಲ್ಲಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ, ವಸಾಹತುಗಳಾಗಿದ್ದ ಆಫ್ರಿಕಾ ದೇಶಗಳ ಇತಿಹಾಸವನ್ನು ಬರೆಯುವುದು ಹೇಗೆ ಅಂತ. ಇಷ್ಟು ಕೇಳಿಯೇ ಕೆಲವರು ರೇಡಿಯೊ ಸಣ್ಣಗೆ ಮಾಡಿರಬಹುದು. ಸ್ವಲ್ಪ ತಾಳಿ. ಆಫ್ರಿಕಾದಲ್ಲಿ 54 ದೇಶಗಳಿವೆ. ಅಷ್ಟನ್ನೂ ಸುತ್ತಿಸುವ ಆಸೆ ನನಗಿಲ್ಲ. ಒಂದೇ ದೇಶ ಸಾಕು, ಕೀನ್ಯಾ. ಹೇಳುವ ಮಾತೂ ಒಂದೇ. ಯಾವ ಇತಿಹಾಸ ಓದಿದರೂ ಮೊದಲು ಕೇಳಿ: ಕಾಗದ ಯಾರ ಕೈಯಲ್ಲಿತ್ತು?

ಹೊಲ ಇದ್ದವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಒಬ್ಬನ ಹೆಸರು, ಉಳುವವನು ಇನ್ನೊಬ್ಬ. ನಮ್ಮಲ್ಲಿ 1974ರಲ್ಲಿ ಭೂಸುಧಾರಣೆ ಬಂದಾಗ ಏಳನೇ ನಂಬರ್ ಫಾರ್ಮ್ ತುಂಬಿ ಟ್ರಿಬ್ಯೂನಲ್ ಮುಂದೆ ನಿಂತ ಎಷ್ಟೋ ಗೇಣಿದಾರರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅಕ್ಕಪಕ್ಕದ ಹೊಲದವರು ಬಂದು ‘ಇವನೇ ಉಳತಿದ್ದ್ರಿ, ನಾವು ನೋಡೇವಿ’ ಎಂದು ಹೇಳಬೇಕಿತ್ತು. ಕಾಗದ ಒಂದು ಹೇಳುತ್ತದೆ, ಊರು ಇನ್ನೊಂದು ಹೇಳುತ್ತದೆ. ಇಷ್ಟು ತಿಳಿದವರಿಗೆ ಕೀನ್ಯಾದ ಇತಿಹಾಸ ಅರ್ಧ ತಿಳಿದ ಹಾಗೆಯೇ.

ಅಲ್ಲಿನದೂ ಹೊಲದ ಜಗಳವೇ. 1895ರಲ್ಲಿ ಬ್ರಿಟಿಷರು ಬಂದು ಕೂತರು. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಿದರು. ಅದಕ್ಕೆ ನಮ್ಮ ದೇಶದಿಂದಲೇ, ಜಾಸ್ತಿ ಪಂಜಾಬಿನಿಂದ, 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಹಡಗಿನಲ್ಲಿ ಒಯ್ದರು. ರೈಲು ಬಂದ ಮೇಲೆ ತಂಪು ಹವೆಯ, ಒಳ್ಳೆಯ ಮಣ್ಣಿನ ಎತ್ತರದ ಭೂಮಿಯೆಲ್ಲ ಬಿಳಿಯರಿಗೆ ಮೀಸಲಾಯಿತು. ಅಲ್ಲಿದ್ದ ಕಿಕುಯು ಜನರಲ್ಲಿ ಎಷ್ಟೋ ಮಂದಿ ಬಿಳಿಯರ ಹೊಲದಲ್ಲಿ ಆಳಾದರು. 1950ರ ಹೊತ್ತಿಗೆ ಸಹನೆ ಮುಗಿದಿತ್ತು. ಜನ ಗುಟ್ಟಾಗಿ ಆಣೆ ಮಾಡಿದರು, ಕಾಡು ಸೇರಿದರು. 1952ರ ಅಕ್ಟೋಬರ್ 20ರಂದು ಸರ್ಕಾರ ತುರ್ತು ಪರಿಸ್ಥಿತಿ ಸಾರಿತು.

ಕಾಡು ಸೇರಿದವರು ತಮ್ಮನ್ನು ಭೂಮಿ ಮತ್ತು ಸ್ವಾತಂತ್ರ್ಯದ ಸೇನೆ ಎಂದು ಕರೆದುಕೊಂಡರು. ಜಗತ್ತಿಗೆ ಗೊತ್ತಾದ ಹೆಸರು ಬೇರೆ: ಮಾವ್ ಮಾವ್. ಅದು ಬ್ರಿಟಿಷರ ಫೈಲಿನಲ್ಲಿದ್ದ ಹೆಸರು. ಆ ವರ್ಷಗಳಲ್ಲಿ ಸತ್ತ ಬಿಳಿಯ ನಾಗರಿಕರು 32 ಮಂದಿ. ಕೋರ್ಟಿನ ಮೂಲಕವೇ ನೇಣಿಗೇರಿದ ಆಫ್ರಿಕನ್ನರು 1,090. ಲಂಡನ್ನಿನ ಪತ್ರಿಕೆಗಳಲ್ಲಿ ಯಾರ ಫೋಟೋ ಬಂದವು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ? ಸರ್ಕಾರ ಒಬ್ಬ ಮನೋವೈದ್ಯರನ್ನು ಕರೆಸಿ ಇದು ಮನಸ್ಸಿನ ರೋಗ ಎಂದು ಬರೆಸಿತು. 1960ರಲ್ಲಿ ಒಂದು ದಪ್ಪ ಸರ್ಕಾರಿ ವರದಿ ಬಂತು. ಜಮೀನಿನ ದೂರಿಗೆ ಅದರಲ್ಲಿ ಬೆಲೆ ಸಿಗಲಿಲ್ಲ. ಆಮೇಲೆ ಬರೆದವರಲ್ಲಿ ಬಹಳ ಮಂದಿ ಆ ವರದಿಯನ್ನೇ ಎದುರಿಗಿಟ್ಟುಕೊಂಡು ಬರೆದರು.

ಈಗ ಒಂದು ಘಟನೆ ಹೇಳುತ್ತೇನೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ‘ಸರ್, ಮತ್ತೆ ನೀರಿನ ಗಾಡಿ ಕಥೆಯಾ?’ ಎನ್ನುತ್ತಿದ್ದರು ಹುಡುಗರು. ಹೌದು, ಮತ್ತೆ ಅದೇ.

ಕೀನ್ಯಾದ ಪೂರ್ವದಲ್ಲಿ, ತಾನಾ ನದಿಯ ಹತ್ತಿರ ಹೋಲಾ ಎಂಬ ಊರಿದೆ. ಅಲ್ಲೊಂದು ಬಂಧನ ಶಿಬಿರ ಇತ್ತು. ಮಾವ್ ಮಾವ್ ಕಡೆಯವರೆಂದು ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಕೂಡಿಹಾಕಿದ್ದ ಜನ. ಅವರಲ್ಲಿ ಕೆಲವರು ಹಟ ಹಿಡಿದಿದ್ದರು: ನಾವು ಅಪರಾಧಿಗಳಲ್ಲ, ಬಿಟ್ಟಿ ದುಡಿಯುವುದಿಲ್ಲ. ಇಂಥವರನ್ನು ದುಡಿಸುವುದು ಹೇಗೆ ಅಂತ ಅಧಿಕಾರಿಗಳು ಮೊದಲೇ ಕೂತು ಯೋಜನೆ ಬರೆದಿದ್ದರು. 1959ರ ಮಾರ್ಚ್ 3ರಂದು 85 ಮಂದಿಯನ್ನು ನೀರಾವರಿ ಕಾಲುವೆ ಅಗೆಯಲು ಹೊರಗೆ ಕರೆದೊಯ್ದರು. ಅವರು ಗುದ್ದಲಿ ಮುಟ್ಟಲಿಲ್ಲ. ಕಾವಲುಗಾರರು ದೊಣ್ಣೆ ಎತ್ತಿದರು. ಹನ್ನೊಂದು ಜನ ಸತ್ತರು.

ಸರ್ಕಾರ ಪ್ರಕಟಣೆ ಹೊರಡಿಸಿತು. ಏನಂತ ಗೊತ್ತೇ? ಕೆಲಸದವರೂ ಕಾವಲುಗಾರರೂ ಕುಡಿಯುತ್ತಿದ್ದ ನೀರಿನ ಗಾಡಿಯಿಂದ ನೀರು ಕುಡಿದ ನಂತರ ಇವರು ಸತ್ತರು!

ಆ ವಾಕ್ಯದ ಜಾಣತನ ನೋಡಿ. ಸುಳ್ಳು ಎಂದು ಹಿಡಿಯುವ ಹಾಗೂ ಇಲ್ಲ. ನೀರು ಕುಡಿದಿದ್ದರು, ನಂತರ ಸತ್ತರು. ಹೊಡೆತದ ಮಾತು ಮಾತ್ರ ಇಲ್ಲ. ಶವಪರೀಕ್ಷೆಯಲ್ಲಿ ಹೊಡೆತ ಕಾಣಿಸದೇ ಹೋಗಿದ್ದರೆ ಇವತ್ತಿನ ಪುಸ್ತಕಗಳಲ್ಲೂ ‘ಹೋಲಾದಲ್ಲಿ ಕಲುಷಿತ ನೀರು ಕುಡಿದು ಹನ್ನೊಂದು ಕೈದಿಗಳ ಸಾವು’ ಎಂದೇ ಇರುತ್ತಿತ್ತು. ಅಡಿಟಿಪ್ಪಣಿಯಲ್ಲಿ ಸರ್ಕಾರಿ ಪ್ರಕಟಣೆಯ ತಾರೀಖು ಸಮೇತ! ಅಡಿಟಿಪ್ಪಣಿ ಇದೆ ಅಂತ ನಂಬುವವರಿಗೆ ನಾನು ಈ ಗಾಡಿಯನ್ನು ನೆನಪಿಸುತ್ತಲೇ ಇರುತ್ತೇನೆ.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗಲಾಟೆಯಾಯಿತು. ಜುಲೈನಲ್ಲಿ ಇನಾಕ್ ಪೊವೆಲ್ ಎಂಬ ಸದಸ್ಯ, ಆಳುವ ಪಕ್ಷದವನೇ, ನಡುರಾತ್ರಿ ದಾಟಿದ ಮೇಲೆ ಎದ್ದು ನಿಂತು ಮಾತಾಡಿದ. ಆಫ್ರಿಕಾದಲ್ಲಿ ಒಂದು ಅಳತೆ, ಮನೆಯಲ್ಲಿ ಇನ್ನೊಂದು ಅಳತೆ ಇಟ್ಟುಕೊಳ್ಳಲು ನಮಗೆ ಹಕ್ಕಿಲ್ಲ ಎಂದ. ಆದರೆ ಆ ಸಾವುಗಳಿಗಾಗಿ ಯಾರ ಮೇಲೂ ಕೊಲೆ ಮೊಕದ್ದಮೆ ನಡೆಯಲಿಲ್ಲ.

ಕಥೆ ಇನ್ನೂ ಇದೆ. ಆವತ್ತು ಹೊಡೆತ ತಿಂದವರಲ್ಲಿ ವಾಂಬುಗು ವಾ ನ್ಯಿಂಗಿ ಎಂಬ ಒಬ್ಬರಿದ್ದರು. ಸತ್ತಿದ್ದಾರೆಂದು ತಿಳಿದು ಅವರನ್ನು ಹೆಣಗಳ ಜೊತೆ ಹಾಕಿದ್ದರು. ಅವರು ಬದುಕಿದ್ದರು. ಒಟ್ಟು ಸುಮಾರು ಒಂಬತ್ತು ವರ್ಷ ಬಂಧನ, ಒಂದು ಆರೋಪಪಟ್ಟಿಯೂ ಇಲ್ಲ. ಐವತ್ತು ವರ್ಷಗಳಾದ ಮೇಲೆ, 2009ರಲ್ಲಿ, ಇವರೂ ಇನ್ನು ನಾಲ್ವರು ಮುದುಕ ಮುದುಕಿಯರೂ ಲಂಡನ್ನಿನ ಹೈಕೋರ್ಟಿನಲ್ಲಿ ಬ್ರಿಟಿಷ್ ಸರ್ಕಾರದ ಮೇಲೆ ಕೇಸು ಹಾಕಿದರು.

ಸರ್ಕಾರದ ಉತ್ತರ ಕೇಳಿ. ಆ ಹೊಣೆ ನಮ್ಮದಲ್ಲ, 1963ರಲ್ಲಿ ಸ್ವಾತಂತ್ರ್ಯ ಕೊಟ್ಟಾಗ ಅದೂ ಕೀನ್ಯಾ ಸರ್ಕಾರಕ್ಕೆ ಹೋಯಿತು. ಮನೆ ಖಾಲಿ ಮಾಡುವಾಗ ಸಾಲವನ್ನು ಮಾಲೀಕನ ತಲೆಗೆ ಕಟ್ಟಿದ ಹಾಗೆ!

ಇನ್ನು ಕಾಗದಗಳ ವಿಚಾರ. ಕ್ಯಾರೊಲಿನ್ ಎಲ್ಕಿನ್ಸ್ ಎಂಬ ಅಮೆರಿಕದ ಇತಿಹಾಸಕಾರ್ತಿ ಇದಕ್ಕಿಂತ ಮೊದಲೇ ಈ ಶಿಬಿರಗಳ ಬಗ್ಗೆ ವರ್ಷಗಟ್ಟಲೆ ಹುಡುಕಿದ್ದರು. ಸರ್ಕಾರದ ಲೆಕ್ಕದಲ್ಲೇ ಬಂಧಿತರು 80 ಸಾವಿರ. ಒಬ್ಬೊಬ್ಬರಿಗೆ ಮೂರು ಇಲಾಖೆಗಳಲ್ಲಿ ಮೂರು ಫೈಲು. ಅಂದರೆ 2 ಲಕ್ಷ 40 ಸಾವಿರ ಫೈಲು ಇರಬೇಕಿತ್ತು. ಅವರಿಗೆ ಸಿಕ್ಕಿದ್ದು ಕೆಲವು ನೂರು. ಕೊನೆಗೆ ಅವರು ಕಿಕುಯು ಹಳ್ಳಿಗಳಿಗೆ ಹೋಗಿ, ಬದುಕಿ ಉಳಿದ ನೂರಾರು ಜನರ ಮಾತು ಕೇಳಿ ಬರೆದರು. ಆಗ ಕೆಲವು ವಿದ್ವಾಂಸರು ಮೂಗು ಮುರಿದರು. ಮುದುಕರ ನೆನಪು, ನಂಬೋದು ಹೇಗೆ? ಕಾಗದ ಎಲ್ಲಿ?

ಕಾಗದ ಎಲ್ಲಿತ್ತು ಅಂತ ಈಗ ಹೇಳುತ್ತೇನೆ. 1961ರಲ್ಲಿ ಲಂಡನ್ನಿನಿಂದ ವಸಾಹತುಗಳಿಗೆ ಆದೇಶ ಹೋಗಿತ್ತು. ರಾಣಿಯವರ ಸರ್ಕಾರಕ್ಕೆ ಮುಜುಗರ ತರುವ ಯಾವ ಕಾಗದವೂ ಹೊಸ ಸರ್ಕಾರದ ಕೈಗೆ ಸಿಗಬಾರದು. ಸುಡಬೇಕು, ಸುಟ್ಟ ಬೂದಿಯನ್ನೂ ಪುಡಿ ಮಾಡಬೇಕು. ಸುಡಲು ಆಗದಿದ್ದರೆ ಭಾರ ಕಟ್ಟಿ, ದಡದಿಂದ ಬಹಳ ದೂರ, ಸೆಳೆತವಿಲ್ಲದ ಆಳ ಸಮುದ್ರದಲ್ಲಿ ಮುಳುಗಿಸಬೇಕು. ಉಳಿದದ್ದನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ಕಳಿಸಬೇಕು. ಈ ಫೈಲುಗಳನ್ನು ಮುಟ್ಟುವ ಅಧಿಕಾರಿಯೂ ಯುರೋಪಿಯನ್ ಮೂಲದವನೇ ಆಗಿರಬೇಕು. ಈ ಕೆಲಸಕ್ಕೆ ಇಟ್ಟ ಹೆಸರು ‘ಆಪರೇಷನ್ ಲೆಗಸಿ’. ಲೆಗಸಿ ಅಂದರೆ ನಾವು ಬಿಟ್ಟುಹೋಗುವ ಆಸ್ತಿ!

ಕೀನ್ಯಾ 1967ರಲ್ಲೇ ತನ್ನ ಕಾಗದ ವಾಪಸು ಕೇಳಿತು. ಕೊಡಲಿಲ್ಲ. ಈ ಕೇಸಿನಲ್ಲಿ ಡೇವಿಡ್ ಆಂಡರ್ಸನ್ ಎಂಬ ಇತಿಹಾಸಕಾರರು ಕೋರ್ಟಿಗೆ ಹೇಳಿಕೆ ಕೊಟ್ಟು, ಸ್ವಾತಂತ್ರ್ಯಕ್ಕೆ ಮುಂಚೆ ನೈರೋಬಿಯಿಂದ ಸಾಗಿಸಿದ ಸುಮಾರು 1,500 ಫೈಲು, 300 ಪೆಟ್ಟಿಗೆ ಎಲ್ಲಿವೆ ಎಂದು ಕೇಳಿದರು. 2011ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಒಪ್ಪಿಕೊಂಡಿತು. ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಕಾವಲಿನ ಸರ್ಕಾರಿ ಆವರಣದಲ್ಲಿ ಅವೆಲ್ಲ ಇದ್ದವು. ಕೀನ್ಯಾದ್ದು ಮಾತ್ರ ಅಲ್ಲ, 37 ವಸಾಹತುಗಳ ಸುಮಾರು 8,800 ಫೈಲು.

ಆ ಮುದುಕರ ಮಾತು ನಿಜ ಅಂತ ಕೀನ್ಯಾದಲ್ಲಿದ್ದ ಬ್ರಿಟಿಷ್ ಸರ್ಕಾರದ ಕಾಗದಗಳೇ ಹೇಳಿದವು. ಅಲ್ಲಿನ ಅಟಾರ್ನಿ ಜನರಲ್ 1957ರಲ್ಲಿ ಗವರ್ನರಿಗೆ ಬರೆದ ಮಾತು ಈಗ ಎಲ್ಲರಿಗೂ ಗೊತ್ತು: ಪಾಪ ಮಾಡುವುದೇ ಆದರೆ ಸದ್ದಿಲ್ಲದೆ ಮಾಡಬೇಕು. ಇಷ್ಟು ವರ್ಷವಾದ ಮೇಲೆ ನ್ಯಾಯವಾದ ವಿಚಾರಣೆ ಸಾಧ್ಯವಿಲ್ಲ ಎಂದು ಬ್ರಿಟನ್ ವಾದಿಸಿತು. ನ್ಯಾಯಾಧೀಶರು ಒಪ್ಪಲಿಲ್ಲ. ನೀವು ಅಷ್ಟು ಅಚ್ಚುಕಟ್ಟಾಗಿ ದಾಖಲೆ ಇಟ್ಟಿದ್ದೀರಿ, ವಿಚಾರಣೆಗೆ ಏನೂ ತೊಂದರೆ ಇಲ್ಲ ಎಂಬ ಅರ್ಥದ ತೀರ್ಪು ಕೊಟ್ಟರು! 2013ರ ಜೂನ್ 6ರಂದು ಬ್ರಿಟನ್ ವಿಷಾದ ಹೇಳಿತು. 5,228 ಜನರಿಗಾಗಿ 1 ಕೋಟಿ 99 ಲಕ್ಷ ಪೌಂಡ್ ಕೊಡಲು ಒಪ್ಪಿತು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಸಮಯ ಜಾಸ್ತಿ ತಿಂದೆ. ಇನ್ನು ಎರಡು ಮೂರು ಮಾತು ಬೇಗ ಹೇಳುತ್ತೇನೆ.

ಬಿಳಿಯರು ಹೋದ ಮೇಲೆ ಎಲ್ಲ ಸರಿಹೋಯಿತೇ? ಇಲ್ಲ. ಕಪಾಟಿನ ಕೀಲಿಕೈ ಇನ್ನೊಬ್ಬರ ಸೊಂಟಕ್ಕೆ ಬಂತು, ಅಷ್ಟೇ. ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟ್ಟಾ ತಾವೇ ಮಾವ್ ಮಾವ್ ಆರೋಪದಲ್ಲಿ ಜೈಲು ಕಂಡವರು. ಅವರು 1962ರಲ್ಲಿ, ಮಾವ್ ಮಾವ್ ಒಂದು ರೋಗ, ವಾಸಿಯಾಗಿದೆ, ಇನ್ನು ನೆನೆಯಬಾರದು ಎಂದರು. ಕಾರಣವೂ ಇತ್ತು. ಕಾಡು ಸೇರಿದವನೂ ಬ್ರಿಟಿಷರ ಪರ ಕೋವಿ ಹಿಡಿದವನೂ ಒಂದೇ ಹಳ್ಳಿಯವರು, ಕೆಲವು ಕಡೆ ಒಂದೇ ಮನೆಯವರು. ಕೋವಿ ಹಿಡಿದವರಲ್ಲಿ ಹಲವರಿಗೆ ಆಮೇಲೆ ಜಮೀನು, ನೌಕರಿ ಸಿಕ್ಕಿತ್ತು. ಹಳೆಯದನ್ನು ಕೆದಕುವುದು ಅವರಿಗೆ ಬೇಕಿರಲಿಲ್ಲ. ಮಾವ್ ಮಾವ್ ಮೇಲೆ ಬ್ರಿಟಿಷರು ಹಾಕಿದ್ದ ನಿಷೇಧ ತೆಗೆದದ್ದು 2003ರಲ್ಲಿ! ದಂಗೆಯ ನಾಯಕ ದೇದನ್ ಕಿಮಾತಿಯನ್ನು 1957ರಲ್ಲಿ ನೇಣು ಹಾಕಿ ಗುರುತಿಲ್ಲದ ಗುಂಡಿಯಲ್ಲಿ ಹೂತಿದ್ದರು. ನೈರೋಬಿಯ ಬೀದಿಯಲ್ಲಿ ಅವರ ಪ್ರತಿಮೆ ನಿಂತದ್ದು 2007ರಲ್ಲಿ.

ಕಾಗದವೇ ಇಲ್ಲದ ಕಾಲದ ಇತಿಹಾಸ ಬರೆಯುವುದು ಹೇಗೆ? ಕೀನ್ಯಾ ಸ್ವತಂತ್ರವಾದ ಅದೇ 1963ರಲ್ಲಿ ಟ್ರೆವರ್ ರೋಪರ್ ಎಂಬ ದೊಡ್ಡ ಪ್ರೊಫೆಸರ್ ಬ್ರಿಟನ್ನಿನ ಟೀವಿಯಲ್ಲಿ ಭಾಷಣ ಮಾಡಿ, ಆಫ್ರಿಕಾದಲ್ಲಿ ಇರುವುದು ಯುರೋಪಿಯನ್ನರ ಇತಿಹಾಸ ಮಾತ್ರ, ಉಳಿದದ್ದು ಕತ್ತಲು ಎಂದರು. ಆ ಹೊತ್ತಿಗೆ ಬೆಥ್ವೆಲ್ ಒಗೊಟ್ ಎಂಬ ಕೀನ್ಯಾದ ಯುವಕ ಲುವೊ ಜನರ ಹಿರಿಯರ ಮುಂದೆ ಕೂತು ವಂಶಾವಳಿ ಬರೆದುಕೊಂಡಿದ್ದರು. ನಮ್ಮ ಮನೆಗಳಿಗೆ ಹೆಳವರು ಬಂದು ಮನೆತನದ ಹೆಸರು ಹೇಳುತ್ತಿದ್ದರಲ್ಲ, ಅಂಥ ಹೆಸರುಗಳು. ಒಂದು ಕುಲದವರು ಹೇಳಿದ್ದನ್ನು ಇನ್ನೊಂದು ಕುಲದವರು ಹೇಳಿದ್ದಕ್ಕೆ ತಾಳೆ ನೋಡಿ, ತಲೆಮಾರು ಎಣಿಸಿ, ನೈಲ್ ನದಿಯ ಕಡೆಯಿಂದ ವಿಕ್ಟೋರಿಯಾ ಸರೋವರದ ದಡಕ್ಕೆ ಬಂದ ಜನರ ಹಲವು ಶತಮಾನಗಳ ಇತಿಹಾಸ ಕಟ್ಟಿದರು. 1967ರಲ್ಲಿ ಅದು ಪುಸ್ತಕವಾಯಿತು. ಮುಂದೆ ಯುನೆಸ್ಕೊದ ಎಂಟು ಸಂಪುಟಗಳ ಆಫ್ರಿಕಾ ಇತಿಹಾಸಕ್ಕೂ ಇದೇ ಒಗೊಟ್ ದುಡಿದರು. ಇವರ ಬಗ್ಗೆ ಪೂರ್ತಿ ಒಂದು ಭಾಷಣ ಮಾಡಬೇಕು, ಮತ್ತೆ ಕರೆದರೆ.

ಕೊನೆಯದು ಧಾರವಾಡದವರಿಗೆ. ಪಿಯೊ ಗಾಮಾ ಪಿಂಟೊ ಎಂಬವರು ನೈರೋಬಿಯಲ್ಲಿ 1927ರಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ. ಓದಲು ಇಲ್ಲಿಗೆ ಬಂದು ನಮ್ಮ ಕರ್ನಾಟಕ ಕಾಲೇಜಿನಲ್ಲಿ ವಿಜ್ಞಾನ ಓದಿದರು. ಕೀನ್ಯಾಕ್ಕೆ ಮರಳಿ ಹೋರಾಟಗಾರರಿಗೆ ನೆರವಾದರು, 1954ರಲ್ಲಿ ಬಂಧನವಾಗಿ ಐದು ವರ್ಷ ಬಿಡುಗಡೆ ಕಾಣಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪಾರ್ಲಿಮೆಂಟ್ ಸದಸ್ಯರೂ ಆದರು. 1965ರ ಫೆಬ್ರವರಿ 24ರಂದು ಮನೆಯ ಗೇಟಿನ ಹತ್ತಿರ, ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗಳು ಕೂತಿದ್ದಾಗಲೇ, ಅವರನ್ನು ಗುಂಡಿಟ್ಟು ಕೊಂದರು. ಅವರ ಬಗ್ಗೆ ಅಲ್ಲಿನವರು ಬರೆದಿದ್ದಾರೆ. ಆದರೆ ಧಾರವಾಡದ ದಿನಗಳ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅವರಿಗೆ ಕಾಗದ ಸಿಗಬೇಕಲ್ಲ!

1940ರ ದಶಕದಲ್ಲಿ ಆ ಕಾಲೇಜಿನಲ್ಲಿ ಓದಿದ ಅಜ್ಜ, ಮುತ್ತಜ್ಜ ನಿಮ್ಮ ಮನೆಯಲ್ಲಿದ್ದರೆ, ಅಟ್ಟದ ಮೇಲಿನ ಟ್ರಂಕು ಒಮ್ಮೆ ಇಳಿಸಿ. ತರಗತಿಯ ಗುಂಪು ಫೋಟೋ, ಹಾಸ್ಟೆಲಿನ ಪತ್ರ, ಹಿಂದೆ ಹೆಸರು ಬರೆದ ಯಾವ ತುಂಡು ಇದ್ದರೂ ರದ್ದಿಗೆ ಹಾಕಬೇಡಿ. ಆಕಾಶವಾಣಿಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ನಾನೇ ಮನೆಗೆ ಬಂದು ನೋಡುತ್ತೇನೆ.

ನಮಸ್ಕಾರ.